ಜಿಂಗಿಲಿ ಮಾಮ ಕ್ಯಾನ್ಸಲ್ ಆಗುವುದಿಲ್ಲ

ಫೋನ್ ಸಿಕ್ಕಿದರೆ ತಾನೇ ಕ್ಯಾನ್ಸಲ್ ಮಾಡುವುದು?

ಈ ಮಹಾಸತ್ಯ ಸುಂದರನಿಗೆ ಹೊಳೆದದ್ದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವಾಗ. ಬಾಯಲ್ಲಿ ನೊರೆ ಇರುವಾಗಲೇ ಓಡಿ ಬಂದು ಫೋನನ್ನು ಸ್ವಿಚ್ ಆಫ್ ಮಾಡಿ, ಬಲೂನುಗಳ ಚೀಲದ ತಳಕ್ಕೆ ತುರುಕಿದ. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಸ್ವಲ್ಪ ಬೈದುಕೊಂಡ, ಆಮೇಲೆ ಹೆಚ್ಚು ಹೊಗಳಿಕೊಂಡ.

ಕುಲಶೇಖರದಲ್ಲಿ ಸುಂದರ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಜಿಂಗಿಲಿ ಮಾಮ ಎಂದರೆ ಊರಿನ ಮಕ್ಕಳೆಲ್ಲ ಕುಣಿಯುತ್ತವೆ. ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಕೆಂಪು ಮೂಗು, ಹಳದಿ ಕೂದಲು ಹಾಕಿ, ಬಲೂನಿನಲ್ಲಿ ನಾಯಿ ಮಾಡಿ, ಮಕ್ಕಳ ಕಿವಿಯಿಂದ ಚಾಕಲೇಟ್ ತೆಗೆಯುವುದು ಅವನ ಕಸುಬು. ಆ ಕಸುಬಿನಲ್ಲಿ ಮಂಗಳೂರಿನಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ.

ಕಷ್ಟ ಒಂದೇ. ಬುಕ್ ಮಾಡಿದವರು ಕೊನೆಯ ಗಳಿಗೆಯಲ್ಲಿ ಕೈ ಎತ್ತುತ್ತಿದ್ದರು. ಒಬ್ಬರ ಮಗುವಿಗೆ ಜ್ವರ. ಇನ್ನೊಬ್ಬರ ಮಗುವಿಗೆ ಜೋಕರನೆಂದರೆ ಹೆದರಿಕೆ ಎಂದು ಪಾರ್ಟಿಯ ದಿನವೇ ಗೊತ್ತಾಯಿತು. ಪಣಂಬೂರಿನ ಬಂದರಿನಲ್ಲಿ ಕೆಲಸದಲ್ಲಿದ್ದ ಒಬ್ಬ ಮಹಾಶಯರಂತೂ, 'ಹಡಗು ಬೇಗ ಬಂತು ಮಾರಾಯ್ರೆ, ಎಂತ ಮಾಡುವುದು?' ಎಂದು ಫೋನ್ ಇಟ್ಟರು. ಹಡಗಿಗೂ ಹುಟ್ಟುಹಬ್ಬಕ್ಕೂ ಎಂತ ಸಂಬಂಧ ಎಂದು ಕೇಳಲೂ ಬಿಡಲಿಲ್ಲ.

ಸುಂದರನ ಹೆಂಡತಿ ಸ್ವರ್ಣಲತಾಳ ತಾಳ್ಮೆ ಮುಗಿದಿತ್ತು. ಶನಿವಾರ ಸುರತ್ಕಲ್ಲಿನ ತಂಗಿಯ ಮನೆಗೆ ಹೊರಡುವಾಗ ಹೊಸ್ತಿಲಲ್ಲೇ ನಿಂತು ಹೇಳಿದ್ದಳು: "ನಾಳೆಯದ್ದೂ ಕ್ಯಾನ್ಸಲ್ ಆದ್ರೆ ಸೋಮವಾರ ಬೆಳಿಗ್ಗೆ ಆರಕ್ಕೆ ನೀವು ಅಣ್ಣನ ಹೋಟೆಲಿನ ಕ್ಯಾಶಿಗೆ. ಮತ್ತೆ ಮಾತಿಲ್ಲ."

ಆ ಕ್ಯಾಶ್ ಕೌಂಟರ್ ಸುಂದರನಿಗೆ ಬೇಡವೇ ಬೇಡ. ಮಕ್ಕಳು ಹೊಟ್ಟೆ ಹಿಡಿದು ನಗುವಾಗ ಅವನಿಗೆ ಆಗುವ ಸಂತೋಷ ಬೇರೆ ಯಾವುದರಲ್ಲೂ ಇರಲಿಲ್ಲ. ಮಸಾಲೆದೋಸೆಯ ಬಿಲ್ ಕೊಟ್ಟು ಹೊಟ್ಟೆ ಹಿಡಿದು ನಕ್ಕವರನ್ನು ಅವನು ಈವರೆಗೆ ಕಂಡಿರಲಿಲ್ಲ.

ಸಂಜೆ ಬಣ್ಣ ಬಳಿದು, ಹಳದಿ ಕೂದಲಿನ ಮೇಲೆ ಹೆಲ್ಮೆಟ್ ಒತ್ತಿ, ಸ್ಕೂಟರ್ ಹತ್ತಿ ಫಳ್ನೀರಿಗೆ ಬಂದ. ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಬಾಗಿಲು ತೆರೆದದ್ದು ಹುಟ್ಟುಹಬ್ಬದ ಮಗುವಿನ ತಾಯಿ ಚೈತಾಲಿ.

"ಅಯ್ಯೋ ದೇವರೇ, ನೀವು ಬಂದೇ ಬಿಟ್ರಾ? ಬೆಳಿಗ್ಗೆಯಿಂದ ಎಷ್ಟು ಸಲ ಫೋನ್ ಮಾಡಿದ್ದು! ಬರೀ ಸ್ವಿಚ್ ಆಫ್!"

"ಚಾರ್ಜ್ ಇರ್ಲಿಲ್ಲ," ಎಂದು ಸುಂದರ ಹಲ್ಲು ಕಿರಿದ. ಒಳಗೊಳಗೇ ತನ್ನ ಬೆನ್ನು ತಟ್ಟಿಕೊಂಡ.

"ಪಾರ್ಟಿ ಕ್ಯಾನ್ಸಲ್. ಸೂತಕ ಬಂತು. ಇವರ ತಾಯಿಯ ಕಡೆಯ ದೊಡ್ಡ ಮಾವ ಬೊಂಬಾಯಿಯಲ್ಲಿ ತೀರಿಕೊಂಡ್ರು, ತೊಂಬತ್ತು ದಾಟಿತ್ತು."

'ಇವರು' ಎಂದರೆ ಗಂಡ ಸುಜಿತ್. ಸೋಫಾದ ಮೂಲೆಯಲ್ಲಿ ಚಿಪ್ಸಿನ ಪೊಟ್ಟಣ ಹಿಡಿದು ಕೂತಿದ್ದ. ಐದು ತುಂಬಿದ ನಿರೀಕ್ಷಾ ಹೊಸ ಫ್ರಾಕಿನಲ್ಲೇ ನೆಲದ ಮೇಲೆ ಹೊರಳಾಡಿ ಅಳುತ್ತಿದ್ದಳು. ಪಕ್ಕದಲ್ಲಿ ಚೈತಾಲಿಯ ತಾಯಿ ಶಶಿಪ್ರಭಾ, ಹಿರಿಯರು, ಸೆರಗಿನಲ್ಲಿ ಮೊಮ್ಮಗಳ ಮೂಗು ಒರೆಸುತ್ತಿದ್ದರು. ಗದ್ದಲ ಕೇಳಿ ಎದುರು ಫ್ಲ್ಯಾಟಿನ ರೊಸಾಲಿನ್ ಬಾಯಿಯೂ ಬಂದರು. ಅವರು ಕುವೈತಿನಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ಈಗ ಇಡೀ ಬಿಲ್ಡಿಂಗಿನ ನಾಡಿ ಹಿಡಿಯುತ್ತಿದ್ದರು.

"ಮಗುವನ್ನು ಹೀಗೆ ಅಳಿಸ್ಲಿಕ್ಕೆ ಉಂಟಾ? ಅಷ್ಟು ದೊಡ್ಡ ಕೇಕ್ ಎಂತ ಮಾಡ್ತೀರಿ?" ಎಂದರು.

ತೀರಿಕೊಂಡವರು ಯಾರು, ಎಲ್ಲಿಯವರು ಎಂದು ವಿಚಾರಿಸುವ ವ್ಯವಧಾನ ಸುಂದರನಿಗೆ ಇರಲಿಲ್ಲ. ಅವನ ಕಣ್ಣೆದುರು ಕ್ಯಾಶ್ ಕೌಂಟರ್ ಬಂದು ನಿಂತಿತ್ತು. ದೊಡ್ಡ ಬೂಟುಗಳನ್ನು ಟಪಟಪ ಬಡಿಯುತ್ತಾ ಹಾಲ್‌ನ ನಡುವೆ ಬಂದು ನಿಂತ.

"ಒಂದು ಮಾತು ಕೇಳ್ತೇನೆ ಅಮ್ಮ. ನಮ್ಮ ತುಳುವರಲ್ಲಿ ಮಗು ಯಾರ ಕುಟುಂಬಕ್ಕೆ ಸೇರುವುದು?"

"ತಾಯಿಯ ಕುಟುಂಬಕ್ಕೆ. ಅದು ಕೇಳ್ಬೇಕಾ?" ಎಂದರು ಶಶಿಪ್ರಭಾ.

"ತೀರಿಕೊಂಡದ್ದು?"

"ಅಳಿಯನ ಕುಟುಂಬದವರು."

"ಹಾಗಾದ್ರೆ ನಿಮಗೆ ಸೂತಕ ಉಂಟಾ? ಇಲ್ಲ. ಮಗಳಿಗೆ? ಇಲ್ಲ. ಮೊಮ್ಮಗಳಿಗೆ? ಅವಳಿಗೂ ಇಲ್ಲ! ಈ ಮನೆಯಲ್ಲಿ ಸೂತಕ ಇರುವುದು ಒಬ್ಬರಿಗೆ ಮಾತ್ರ."

ಎಲ್ಲರೂ ಸುಜಿತ್‌ನನ್ನು ನೋಡಿದರು. ಅವನು ಬಾಯಿಯಲ್ಲಿದ್ದ ಚಿಪ್ಸ್ ಜಗಿಯುವುದನ್ನು ನಿಲ್ಲಿಸಿದ.

ಶಶಿಪ್ರಭಾರ ಮುಖ ಅರಳಿತು. "ಹೌದಲ್ಲ ಮಾರಾಯ್ರೆ! ಬೀಗಿತ್ತಿ ಬೊಂಬಾಯಿಯಿಂದ ಫೋನಿನಲ್ಲಿ 'ಎಲ್ಲ ನಿಲ್ಲಿಸಿ' ಅಂದ ಕೂಡಲೇ ನನ್ನ ಬುದ್ಧಿಗೂ ಮಂಕು ಕವಿಯಿತು ನೋಡಿ. ಮಗು ನಮ್ಮದು! ಅವರ ಸೂತಕ ಅವರಿಗೆ!"

"ಅತ್ತೆ, ಆ ಮಾವನನ್ನು ನಾನು ಒಮ್ಮೆ ಮದುವೆಯಲ್ಲಿ ನೋಡಿದ್ದು ಅಷ್ಟೇ," ಎಂದು ಸುಜಿತ್ ಗೋಗರೆದ. "ಅಷ್ಟು ದೂರದವರಿಗೆ ನನಗೆಂತ ಸೂತಕ?"

ಸುಂದರ ಬಿಡುವವನಲ್ಲ. "ಕುಟುಂಬ ಅಂದ್ರೆ ಕುಟುಂಬ. ಬೊಂಬಾಯಿಯಲ್ಲಿ ಹೋದ್ರೂ ದುಬಾಯಿಯಲ್ಲಿ ಹೋದ್ರೂ ಸೂತಕ ಸೂತಕವೇ. ಅದಕ್ಕೆ ದೂರ, ಹತ್ತಿರ ಅಂತ ಇಲ್ಲ. ನೀವು ಕೇಕ್ ಮುಟ್ಟುವ ಹಾಗಿಲ್ಲ."

ತೀರ್ಪು ಆಯಿತು. ಮನೆಯ ಯಜಮಾನ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಕೆಳಗೆ ಪಾರ್ಕಿಂಗಿಗೆ ಹೋದ. ರೊಸಾಲಿನ್ ಬಾಯಿ ಮನೆಮನೆಯ ಬೆಲ್ ಒತ್ತಿ ಮಕ್ಕಳನ್ನು ಸೇರಿಸಿದರು. ನಿರೀಕ್ಷಾ ಕಣ್ಣೀರು ಒರೆಸಿಕೊಂಡು ಜಿಂಗಿಲಿ ಮಾಮನ ಕಾಲಿಗೆ ಜೋತುಬಿದ್ದಳು. ಸುಂದರ ಪೀಪಿ ಊದಿದ. ಬಂದ ಕ್ಯಾನ್ಸಲನ್ನು ಬಾಗಿಲಿನಿಂದಲೇ ಓಡಿಸಿದ ಗಂಡು ಈ ಊರಿನಲ್ಲಿ ಇನ್ನೊಬ್ಬ ಇದ್ದಾನೆಯೇ ಎಂದು ಅವನ ಎದೆ ಉಬ್ಬಿತು.

ಶಶಿಪ್ರಭಾ ಮೆಚ್ಚುಗೆಯಿಂದ ಅವನನ್ನೇ ನೋಡುತ್ತಿದ್ದರು. "ಇಷ್ಟು ಕಟ್ಟುಕಟ್ಟಳೆ ಗೊತ್ತಿರುವ ಜೋಕರನನ್ನು ನಾನು ಕಂಡದ್ದೇ ಇಲ್ಲ. ಒಳ್ಳೆಯ ಮನೆಯವರೇ ಇರಬೇಕು. ನಿಮ್ಮದು ಯಾವ ಕುಟುಂಬ?"

ಬುದ್ಧಿ ಇದ್ದವನಾದರೆ ಆಗ ಪೀಪಿ ಊದುತ್ತಿದ್ದ. ಸುಂದರ ಪೀಪಿ ತೆಗೆದು, ಎದೆ ಸೆಟೆದು, ಎಲ್ಲರಿಗೂ ಕೇಳುವಂತೆ ಹೇಳಿದ: "ನೇರೊಳುಗುತ್ತು!"

ಚೈತಾಲಿ ತಾಯಿಯ ಮುಖ ನೋಡಿದಳು.

"ಇವರದ್ದೂ ನೇರೊಳುಗುತ್ತೇ," ಎಂದಳು ಚೈತಾಲಿ ಮೆಲ್ಲಗೆ.

"ತೀರಿಕೊಂಡದ್ದು ನೇರೊಳುಗುತ್ತಿನ ತ್ಯಾಂಪಣ್ಣ," ಎಂದರು ಶಶಿಪ್ರಭಾ, ಅಷ್ಟೇನೂ ಮೆಲ್ಲಗೆ ಅಲ್ಲ. "ನಿಮಗೆ ಎಂತ ಆಗ್ಬೇಕು?"

ಬಣ್ಣ ಬಳಿದ ಮುಖವೂ ಬಿಳಿಚಿಕೊಳ್ಳುತ್ತದೆ ಎಂದು ಅಂದೇ ಗೊತ್ತಾದದ್ದು. ತ್ಯಾಂಪಣ್ಣ ಸುಂದರನ ತಾಯಿಯ ಕಡೆಯ ಅಜ್ಜಿಯ ತಮ್ಮ. "ಅದು... ಸ್ವಲ್ಪ ದೂರದ..." ಎಂದು ತೊದಲಿದ.

"ಸೂತಕಕ್ಕೆ ದೂರ, ಹತ್ತಿರ ಉಂಟಾ? ಈಗಷ್ಟೇ ನೀವೇ ಹೇಳಿದ್ದಲ್ವಾ? ಮಗುವನ್ನು ಬಿಡಿ. ಕೆಳಗೆ ನಡೀರಿ!"

ನಿರೀಕ್ಷಾ ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ರೊಸಾಲಿನ್ ಬಾಯಿ ಸುಂದರನ ಮೂಗನ್ನು ಟಪ್ಪೆಂದು ಕಿತ್ತರು.

"ಇಲ್ಲಿ ಕೊಡಿ. ನಮಗೆ ಕ್ರಿಶ್ಚಿಯನರಿಗೆ ಈ ಸೂತಕ ಎಲ್ಲ ಇಲ್ಲ. ಆ ಕೂದಲು, ಪೀಪಿ ಸಹ ಕೊಡಿ."

"ಅವರು ಮುಟ್ಟಿದ್ದಲ್ವಾ ಬಾಯಮ್ಮ?" ಎಂದು ಶಶಿಪ್ರಭಾ ಅನುಮಾನಿಸಿದರು.

"ಸ್ಯಾನಿಟೈಸರ್ ಹಾಕ್ತೇನೆ."

ಅದಕ್ಕೆ ಶಾಸ್ತ್ರದಲ್ಲಿ ಉತ್ತರ ಇರಲಿಲ್ಲ.

ಪಾರ್ಕಿಂಗಿನಲ್ಲಿ ಸುಜಿತ್ ಇವನನ್ನು ಕಂಡು ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟ. ಸಂಬಂಧಿಕರು ಇಬ್ಬರೂ ಚಿಪ್ಸ್ ಹಂಚಿಕೊಂಡರು. ಮೂರನೇ ಮಹಡಿಯಿಂದ ಮಕ್ಕಳ ನಗು ಅಲೆಅಲೆಯಾಗಿ ಇಳಿದು ಬರುತ್ತಿತ್ತು. ತಾನು ಇದ್ದಾಗಲೂ ಮಕ್ಕಳು ಇಷ್ಟು ನಕ್ಕದ್ದು ಸುಂದರನಿಗೆ ನೆನಪಾಗಲಿಲ್ಲ. ಅವನಿಗೆ ನಿಜಕ್ಕೂ ಅಳು ಬಂತು. ಮಗುವನ್ನು ಕರೆದುಕೊಂಡು ಇಳಿದು ಬಂದ ಹೆಂಗಸೊಬ್ಬಳು ಫೋನಿನಲ್ಲಿ ಹೇಳುತ್ತಿದ್ದಳು: "ಹೌದೌದು, ಶೋಭಿತನ ಬರ್ತ್‌ಡೇಗೂ ರೊಸಾಲಿನ್ ಬಾಯಿಗೇ ಹೇಳಿ ಬಂದೆ."

ಸುಂದರ ಚೀಲದ ತಳದಿಂದ ಫೋನ್ ತೆಗೆದು ಆನ್ ಮಾಡಿದ. ಅದು ಜ್ವರ ಬಂದವರಂತೆ ನಡುಗತೊಡಗಿತು. ಕುಟುಂಬದ ಗ್ರೂಪಿನ ತುಂಬ ತ್ಯಾಂಪಣ್ಣ ಮಾವನ ಫೋಟೋ. ನೋಡುತ್ತಿದ್ದಂತೆ ಸ್ವರ್ಣಲತಾಳ ಕರೆ ಬಂತು.

"ಎಲ್ಲಿ ಸತ್ತಿದ್ರಿ? ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಸಾಕಾಯ್ತು! ನಿಮಗೆ ಸೂತಕ. ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿಯುವ ತನಕ ಪಾರ್ಟಿ ಗೀರ್ಟಿ ಎಂತದ್ದೂ ಇಲ್ಲ. ಮುಂದಿನ ವಾರದವರಿಗೆಲ್ಲ ನಾನೇ ಫೋನ್ ಮಾಡಿ ಕ್ಯಾನ್ಸಲ್ ಮಾಡಿದೆ."

ಸುಂದರನಿಗೆ ಕತ್ತಲಲ್ಲಿ ಒಂದು ಕಿಡಿ ಕಂಡಿತು. "ಹಾಗಾದ್ರೆ ಸೂತಕದಲ್ಲಿ ಹೋಟೆಲಿಗೂ ಹೋಗುವ ಹಾಗಿಲ್ಲ ಅಲ್ವಾ?"

"ಅಣ್ಣನ ಹತ್ತಿರ ಕೇಳಿ ಆಯ್ತು. ಅಡುಗೆಕೋಣೆಗೆ ಹೋಗ್ಲಿಕ್ಕಿಲ್ಲ, ಅಷ್ಟೇ. ಕ್ಯಾಶಿಗೆ ಎಂತ ಸೂತಕ? ಬೆಳಿಗ್ಗೆ ಆರಕ್ಕೆ ಬರ್ಲಿಕ್ಕೆ ಹೇಳಿದ್ದಾನೆ. ಬರುವಾಗ ಆ ಕೆಂಪು ಮೂಗನ್ನು ಮನೆಯಲ್ಲಿ ಇಟ್ಟು ಬರ್ಬೇಕಂತೆ."

ಮೇಲೆ ರೊಸಾಲಿನ್ ಬಾಯಿ ಪೀಪಿ ಊದಿದರು. ಮಕ್ಕಳು ಕಿರುಚಿ ಕುಣಿದರು.

"ಮೂಗು ಆಗಲೇ ಹೋಯ್ತು ಮಾರಾಯ್ತಿ," ಎಂದ ಸುಂದರ.