ಷಡ್ಡಕನ ಒಂದು ತಪ್ಪು

ನನ್ನ ಷಡ್ಡಕನ ಒಂದು ತಪ್ಪು ಹಿಡಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಹೊಗಳುತ್ತಿದ್ದೇನೆ ಅಂದುಕೊಂಡಿರಾ? ದೂರು ಇದು! ಹೆಂಡತಿಯ ತಂಗಿಯ ಗಂಡ ಅಷ್ಟು ಸರಿಯಾಗಿದ್ದರೆ ನನ್ನಂಥ ಹಿರಿಯಳಿಯನ ಗತಿಯೇನು?

ಇಬ್ಬರದೂ ಒಂದೇ ಕಸುಬು, ಪ್ರೋಗ್ರಾಂ ಬರೆಯುವುದು. ನಾನು ಗಾಂಧಿ ಚೌಕದ ಅಂಗಡಿಗಳಿಗೆ ಬರೆಯುತ್ತೇನೆ. ಅವನು ಇಬ್ರಾಹಿಂಪುರದ ಮನೆಯಲ್ಲಿ ಕೂತು ಬರೆಯುತ್ತಾನೆ. ನಾನು ಬಳಸುವ ಭಾಷೆ ಉದಾರಿ. ಅಂಕಿ ಕೊಡಿ, ಅಕ್ಷರ ಕೊಡಿ, ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಅವನ ಭಾಷೆಗೆ ಪ್ರತಿಯೊಂದು ಯಾವ ಬಗೆಯದೆಂದು ಮೊದಲೇ ಹೇಳಬೇಕು. ಬಗೆ ತಪ್ಪಿದರೆ ಪ್ರೋಗ್ರಾಂ ಚಾಲೂ ಆಗುವುದೇ ಇಲ್ಲ. ಸಾಲದ್ದಕ್ಕೆ ಎಲ್ಲವನ್ನೂ ಬಿಡಿಬಿಡಿ ತುಂಡು ಮಾಡಿ ಬರೆಯುತ್ತಾನೆ, ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗಬಾರದಂತೆ.

ಅವನ ಅಡುಗೆಮನೆಯೂ ಹಾಗೆಯೇ. ಒಮ್ಮೆ ನಾನು ಉಳಿದ ಅವಲಕ್ಕಿ ಚೂಡಾವನ್ನು ತೊಗರಿಬೇಳೆಯ ಖಾಲಿ ಡಬ್ಬಿಗೆ ಸುರಿದೆ. ಅವನು ಚೂಡಾ ತೆಗೆದು, ಡಬ್ಬಿ ತೊಳೆದು ಬಿಸಿಲಿಗಿಟ್ಟ. ನನ್ನ ಹೆಂಡತಿ ಅದನ್ನು ವಾರಗಟ್ಟಲೆ ಹೊಗಳಿದಳು. ನಮ್ಮ ಮನೆಯಲ್ಲಿ ಒಂದೇ ಮುಚ್ಚಳ ಎಲ್ಲ ಡಬ್ಬಿಗೂ ಅರ್ಧಂಬರ್ಧ ಕೂರುತ್ತದೆ. ಅದನ್ನು ಯಾರಾದರೂ ಹೊಗಳಿದ್ದಾರೆಯೇ?

ತಿಕೋಟಾದಲ್ಲಿ ನಮ್ಮ ಮಾವನವರ ಒಣದ್ರಾಕ್ಷಿ ಶೆಡ್ ಇದೆ. ರೈತರು ತಂದ ಮಾಲಿನ ತೂಕ ಬರೆದಿಡಲು ಇಬ್ಬರನ್ನೂ ಪ್ರೋಗ್ರಾಂ ಕೇಳಿದರು. ಅವನು ಮೂರು ತಿಂಗಳು ಬೇಕೆಂದ. ನಾನು ನಾಲ್ಕೇ ದಿನದಲ್ಲಿ ಕೊಟ್ಟೆ! ಅಚ್ಚ ಕನ್ನಡದಲ್ಲಿ ತೂಕದ ಚೀಟಿಯೂ ಬರುತ್ತಿತ್ತು. ಅತ್ತೆ ನನ್ನ ಹೋಳಿಗೆಗೆ ಮಾತ್ರ ಎರಡನೇ ಸಲ ತುಪ್ಪ ಬಡಿಸಿದರು. ಉರಿದುಕೊಳ್ಳಲಿ ಎಂದು ಅವನ ಮುಖ ನೋಡಿದೆ. ಅವನು ನೆಮ್ಮದಿಯಾಗಿ ಊಟ ಮಾಡುತ್ತಿದ್ದ.

ಒಂದು ದಿನ ಮಾವ ತೂಕದ ಜಾಗದಲ್ಲಿ ಬಬಲೇಶ್ವರದ ರೈತರೊಬ್ಬರ ಫೋನ್ ನಂಬರ್ ಒತ್ತಿದರು. ನನ್ನ ಉದಾರಿ ಪ್ರೋಗ್ರಾಂ ಅದನ್ನು ಕಿಲೋ ಅಂತಲೇ ಹಿಡಿದು ಚೀಟಿ ಕೊಟ್ಟಿತು. ಚೀಟಿಯನ್ನು ಮನೆಗೆ ಹೋಗಿ ಓದಿದ ರೈತರು ಮರುದಿನ ಮೊದಲ ಬಸ್ಸಿಗೇ ಬಂದರು.

"ನಾ ತಂದಿದ್ದು ಹನ್ನೆರಡು ಬಾಕ್ಸ್ ರೀ. ಉಳಿದದ್ದು ಯಾರದು?"

ಮಾವ ಪಕ್ಕದಲ್ಲೇ ಇದ್ದ ನನ್ನ ಕಡೆ ನೋಡಲೂ ಇಲ್ಲ. ಆಮೇಲೆ ಅವರು ಪುನಃ ಲೆಕ್ಕದ ವಹಿಯಲ್ಲೇ ಬರೆಯತೊಡಗಿದರು.

ಹೇಳಿದ ದಿನಕ್ಕೆ ಷಡ್ಡಕನ ಪ್ರೋಗ್ರಾಂ ಬಂತು. ತೂಕದ ಜಾಗದಲ್ಲಿ ನಾನು ಫೋನ್ ನಂಬರ್ ಒತ್ತಿದೆ, ಹೆಸರು ಒತ್ತಿದೆ. ಒಂದನ್ನೂ ಒಳಗೆ ಬಿಡಲಿಲ್ಲ. ಹೊಟ್ಟೆ ಉರಿಯಿತು. ಒಂದಾದರೂ ತಪ್ಪು ಸಿಗಲಿ ಎಂದು ಅವನು ಬರೆದ ತುಂಡುಗಳನ್ನೆಲ್ಲ ತೆರೆದು ಓದಿದೆ. ಚೀಟಿಯ ತುಂಡು ತೆರೆದರೆ ನನ್ನ ಭಾಷೆಯಲ್ಲೇ ನನ್ನವೇ ಸಾಲುಗಳು! ಮೇಲೆ ನನ್ನ ಹೆಸರು.

ಯಾಕೆಂದು ಕೇಳಿದೆ.

"ಅಣ್ಣಾರ, ಚೀಟಿ ನೀವು ಚಲೋ ಬರದೀರಿ. ಅದನ್ನ ಯಾಕ ತಗೀಲಿ?" ಎಂದ.

ಮರುವಾರ ಬಬಲೇಶ್ವರದ ಅದೇ ರೈತರು ಮತ್ತೆ ಮಾಲು ತಂದರು. ಮಾವ ಅವರ ಕೈಗೆ ಚೀಟಿ ಕೊಡುತ್ತ, "ಇಬ್ರೂ ಅಳಿಯಂದ್ರು ಕೂಡಿ ಕುಂತು ಮಾಡ್ಯಾರ್ರಿ. ಅಣ್ಣಾರು ಇಲ್ಲಂದ್ರ ಆಗ್ತಿದ್ದಿಲ್ಲಂತ ಸಣ್ಣವ್ರ ಹೇಳಿದ್ರು" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

ನಾವಿಬ್ಬರೂ ಒಂದು ದಿನವೂ ಕೂಡಿ ಕೂತಿರಲಿಲ್ಲ. ತಪ್ಪು ಡಬ್ಬಿಯಲ್ಲಿ ಚೂಡಾ ಇರುವುದನ್ನೂ ಸಹಿಸದವನು ನನಗಾಗಿ ಸುಳ್ಳು ಹೇಳಿದ್ದ. ಅಂತೂ ಒಂದು ತಪ್ಪು ಸಿಕ್ಕಿತು! ಮಾವನಿಗೆ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬಾಯಿಂದ ಬಂದದ್ದು ಮಾತ್ರ, "ಹೌದ್ರಿ, ಕೂಡೇ ಕುಂತಿದ್ವಿ."