ಮಾವನ ಮನೆಯಲ್ಲಿ ಗುಡ್ ಬೈ

ಇಂಗ್ಲಿಷಿನ ಒಂದೊಂದು ಮಾತಿನ ಬೇರನ್ನೂ ಅಗೆದು ನಮ್ಮ ಜನಕ್ಕೆ ತೋರಿಸಿಯೇ ತೀರುತ್ತೇನೆ! ಹುಣಸೂರಿನಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸ ಸಿಕ್ಕ ಹೊಸದರಲ್ಲಿ ನಾನು ತೊಟ್ಟ ಪ್ರತಿಜ್ಞೆ ಇದು. ತರಗತಿಯ ಮಕ್ಕಳು ಆಕಳಿಸಿದರು. ಹಾಗಾಗಿ ಈ ಜ್ಞಾನಗಂಗೆಯನ್ನು ರಾವಂದೂರಿನ ಮಾವನ ಮನೆಯ ಕಡೆಗೆ ತಿರುಗಿಸಿದೆ.

ಅಲ್ಲಿ ನನ್ನ ಹೆಂಡತಿ ಮಂಗಳಮ್ಮನ ಬಾಣಂತನ ಮುಗಿದಿತ್ತು. ದೊರೆಗಳು ದೇಶ ಬಿಟ್ಟು ಹತ್ತು ವರ್ಷವಾಗುತ್ತ ಬಂದಿದ್ದರೂ ನಾನು ಕೋಟು ಹಾಕಿ, ಟೈ ಬಿಗಿದು, ಅವರದೇ ಗತ್ತಿನಲ್ಲಿ ಹೆಂಡತಿ ಮಗುವನ್ನು ಕರೆತರಲು ಹೋದೆ. ತಿಂಗಳುಗಟ್ಟಲೆ ಸೀದ ಅನ್ನ ತಿಂದವನಿಗೆ ಆ ದಿನ ಎಷ್ಟು ದೊಡ್ಡದೆಂದು ನನ್ನ ಹೊಟ್ಟೆಗೇ ಗೊತ್ತು!

ಊಟವಾಯಿತು. ಅತ್ತೆ ಗುರುಶಾಂತಮ್ಮ ಮಗಳಿಗೆ ಮಡಿಲು ತುಂಬಿದರು. ಎಲ್ಲರೂ ಜಗುಲಿಗೆ ಬಂದರು. ನಾನು ಕೈಯೆತ್ತಿ, "ಗುಡ್ ಬೈ!" ಎಂದೆ.

"ಅದೇನಂದ್ರಿ ಅಳಿಯಂದ್ರೇ?" ಎಂದರು ಮಾವ ಕಂಠಪ್ಪನವರು.

ಸಿಕ್ಕಿತಲ್ಲ ಅವಕಾಶ! "ಬಸ್ಸಿಗೆ ಹೊತ್ತಾಯ್ತು ಕಣ್ರೀ," ಎಂದು ಮಂಗಳ ಕಣ್ಣು ಬಿಟ್ಟಳು. ಕೇಳುವವನು ಯಾರು?

"ಹಿಂದೆ ಇಂಗ್ಲಿಷಿನವರು ಹೊರಡುವಾಗ 'ಗಾಡ್ ಬಿ ವಿತ್ ಯೇ', ಅಂದ್ರೆ 'ದೇವರು ನಿಮ್ಮ ಜೊತೆ ಇರಲಿ' ಅಂತ ಹರಸ್ತಿದ್ರು ಮಾವ. ಅದು ಜನರ ಬಾಯಲ್ಲಿ ಸವೆದು ಸವೆದು ಗುಡ್ ಬೈ ಆಯ್ತು. ಮಾತಿನೊಳಗೆ ದೇವರೇ ಅಡಗಿ ಕೂತಿದಾನೆ!"

ಮಾವನ ಮುಖ ಅರಳಿತು. "ಎಂಥಾ ಮಾತು ಕಣ್ರೀ! ಶಿವಾ!" ಎಂದು ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯಿಂದ ತೆಗೆದು ಕಣ್ಣಿಗೊತ್ತಿಕೊಂಡರು. ಅತ್ತೆಯೂ ತಮ್ಮದನ್ನು ಒತ್ತಿಕೊಂಡರು, ಮಂಗಳಳೂ ತನ್ನದನ್ನು ಒತ್ತಿಕೊಂಡಳು. ಹುಟ್ಟಿದಂದಿನ ಅಭ್ಯಾಸ ನೋಡಿ, ನನ್ನ ಕೈಯೂ ತಾನಾಗಿ ಎದೆಗೆ ಹೋಯಿತು. ಸಿಕ್ಕಿದ್ದನ್ನು ಹಿಡಿದು ಪರಮ ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಟೈ!

"ಕರಡಿಗೆ ಎಲ್ರೀ?" ಮಂಗಳ ನನ್ನ ಎದೆಯನ್ನೇ ನೋಡುತ್ತ ಕೇಳಿದಳು.

ಏನು ಹೇಳಲಿ? ಟೈ ಕೆಳಗೆ ಉಬ್ಬಿ ಅಂದ ಕೆಡಿಸುತ್ತದೆಂದು ಬೆಳಿಗ್ಗೆ ನಾನೇ ಅದನ್ನು ಬಿಚ್ಚಿ ಹುಣಸೂರಿನ ಮನೆಯ ಗೋಡೆಯ ಗೂಡಿನಲ್ಲಿಟ್ಟಿದ್ದೆ. ಲಿಂಗವಿಲ್ಲದೆ ಗುಟುಕು ನೀರೂ ಕುಡಿಯದವರ ಮನೆಯಲ್ಲಿ ಕೂತು, ಕೇಳಿ ಕೇಳಿ ಪಾಯಸ ಬಡಿಸಿಕೊಂಡು ಉಂಡಿದ್ದೆ! ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಮೇಷ್ಟರಂತೆ ಮೇಷ್ಟರು, ಥೂ!

"ಮರ್ತು... ಮನೇಲೇ ಮರ್ತು ಬಂದೆ ಮಾವ," ಎಂದು ತೊದಲಿದೆ. ನಿಜಕ್ಕಿಂತ ಸುಳ್ಳೇ ಮರ್ಯಾದೆ ಉಳಿಸೀತು ಅಂದುಕೊಂಡೆ.

ಮಾವ ಗದರಿಸಲಿಲ್ಲ. ಗದರಿಸಿದ್ದರೆ ಎಷ್ಟೋ ವಾಸಿಯಿತ್ತು. ಮಗುವನ್ನು ಮಗಳ ಕೈಯಿಂದ ಮೆಲ್ಲಗೆ ಎತ್ತಿಕೊಂಡು ಒಳಗೆ ಹೊರಟರು.

"ಮಾವ, ಬಸ್ಸು...!"

"ನೀವೊಬ್ರೇ ಓಗಿ ಅಳಿಯಂದ್ರೇ. ಕೊರಳಲ್ಲಿರೋ ದ್ಯಾವ್ರನ್ನೇ ಮರ್ತು ಬಂದೋರು, ನನ್ ಮಗಳ್ನೂ ಮಗೀನೂ ಬಸ್ಸಲ್ಲೇ ಮರ್ತು ಇಳ್ದುಬುಟ್ರೆ ನಾನ್ ಯಾರ್ನ ಕೇಳ್ಲಿ?"