ಮೇಷ್ಟ್ರುಗಳಿಗೆ ಮೇಡಂ ಆದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಬಾರದ ವಿದ್ಯೆ ಒಂದೇ: ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು! ಊರು ಮಿರ್ಲೆ, ಕೆಲಸ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರು. ನಾನು ಚಿಕ್ಕವಳಿದ್ದಾಗ, "ಚಿಕ್ಕಮ್ಮ, ಮುದ್ದೆಗೆ ನೀರೆಷ್ಟು ಇಡಲಿ?" ಎಂದು ಕೇಳಿದೆ. "ನಿಂಗೇನನ್ನುಸ್ತದೆ?" ಅಂದರು. ನನಗನ್ನಿಸಿದಷ್ಟು ಇಟ್ಟೆ. ಅವತ್ತು ಮನೆಮಂದಿಯೆಲ್ಲ ಮುದ್ದೆಯನ್ನು ಲೋಟದಲ್ಲಿ ಕುಡಿದರು!

ಇಂಥವರನ್ನು ನಮ್ಮ ವಿಶ್ವವಿದ್ಯಾಲಯ ಹೋದ ವರ್ಷ ಒಂದು ಕೇಂದ್ರಕ್ಕೆ ನಿರ್ದೇಶಕಿಯನ್ನಾಗಿ ಮಾಡಿತು. ಎಂಜಿನಿಯರಿಂಗ್ ಪಾಠವನ್ನು ಹೊಸ ರೀತಿಯಲ್ಲಿ ಹೇಳುವುದು ಹೇಗೆಂದು ಅಧ್ಯಾಪಕರಿಗೇ ಕಲಿಸುವ ಕೇಂದ್ರ ಅದು. ಅಲ್ಲೇ ಕಿರಿಯ ಅಧ್ಯಾಪಕಿಯಾಗಿರುವ ನನ್ನ ಗತಿ ಏನಾಗಬೇಡ?

ಸುದ್ದಿ ಕೇಳಿ ಅಜ್ಜಿ ಗಲ್ಲದ ಮೇಲೆ ಕೈಯಿಟ್ಟರು. "ಮೇಷ್ಟ್ರುಗಳ್ಗೇ ಪಾಟ ಏಳ್ಕೊಡದಾ? ಅಂಗಾರೆ ಇಷ್ಟ್ ದಿನ ಅವ್ರು ಮಕ್ಳಿಗೆ ಏನ್ ಏಳ್ಕೊಡ್ತಿದ್ರು?"

"ಅದ್ನೇ ನೋಡಕ್ಕೆ ಓಯ್ತಾ ಇದೀನಿ ಕಣವ್ವ," ಅಂದರು ಚಿಕ್ಕಮ್ಮ.

ನೋಡಿಯೂ ಬಿಟ್ಟರು! ಹಿರಿಯ ಪ್ರಾಧ್ಯಾಪಕರ ಪಾಠಗಳನ್ನು ವಿಡಿಯೊ ಮಾಡಿಸಿ, ಅವರನ್ನೇ ಹಿಂದಿನ ಬೆಂಚಿನಲ್ಲಿ ಕೂರಿಸಿ ತೋರಿಸಿದರು. ಒಬ್ಬರು ತಮ್ಮ ಪಾಠಕ್ಕೆ ತಾವೇ ಗೊರಕೆ ಹೊಡೆದರು. ಎಬ್ಬಿಸಿದರೆ, "ಮುಂದೇನು ಬರುತ್ತೆ ಅಂತ ನಂಗೆ ಗೊತ್ತಲ್ಲಮ್ಮ!" ಎಂದರು.

ಹಿರಿಯರ ಮರ್ಯಾದೆ ಹೋದರೆ ಸುಮ್ಮನಿರುತ್ತಾರೆಯೇ? ದೂರು ಕುಲಪತಿಗಳವರೆಗೂ ಹೋಯಿತು. "ಎಲ್ಲರೆದುರು ನೀವೇ ಒಂದು ಪಾಠ ಮಾಡಿ ತೋರಿಸಿ ಮೇಡಂ. ಅದು ಸರಿಬರದಿದ್ದರೆ ಕೇಂದ್ರ ಮುಚ್ಚೋಣ," ಅಂದರು ಅವರು.

ಆ ದಿನ ಸಭಾಂಗಣ ತುಂಬಿತ್ತು. ಮುಂದೆ ಕುಲಪತಿಗಳು, ಅವರ ಹಿಂದೆ ಪ್ರಾಧ್ಯಾಪಕರು, ಪಕ್ಕದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬಂದ ಮೊದಲ ವರ್ಷದ ಮಕ್ಕಳು. ಗೋಡೆಗಳ ಮೇಲೆ ಕೂತ ತೊಲೆ ಭಾರ ಹೊರುವುದು, ಗೋಡೆಗಳು ಅದನ್ನು ಮೇಲಕ್ಕೆ ತಳ್ಳುವುದು ಹೇಗೆಂದು ಚಿಕ್ಕಮ್ಮ ಸೊಗಸಾಗಿ ಹೇಳಿದರು. "ಅರ್ಥ ಆಯ್ತಾ?"

"ಯೆಸ್ ಮೇಡಂ!" ಸಭಾಂಗಣ ನಡುಗಿತು.

ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟು ಹಾಡಿಯವಳು. "ಇಲ್ಲ ಮೇಡಂ. ನಂಗೆ ಅರ್ಥ ಆಗ್ನಿಲ್ಲ."

ಪ್ರಾಧ್ಯಾಪಕರು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಕೇಂದ್ರದ ಕಥೆ!

ಚಿಕ್ಕಮ್ಮನ ಮುಖ ಮಾತ್ರ ಅರಳಿತು. "ಎಲ್ಲಿಗಂಟ ಅರ್ಥ ಆಯ್ತವ್ವ?"

"ಭಾರ ಕೆಳಕ್ಕೆ ಎಳೀತದೆ, ಸರಿ. ಗೋಡೆ ಸುಮ್ಕೆ ನಿಂತದಲ್ಲ? ಅದು ಎಂಗೆ ಮೇಲಕ್ಕೆ ತಳ್ತದೆ?"

ಚಿಕ್ಕಮ್ಮ ಅವಳನ್ನು ಹತ್ತಿರ ಕರೆದು, ಅಂಗೈ ಚಾಚಿಸಿ, ಅದರ ಮೇಲೆ ತಮ್ಮ ಪುಸ್ತಕದ ಚೀಲ ಇಟ್ಟರು. "ಈಗ ನೀನು ಸುಮ್ಕೆ ನಿಂತಿದ್ದೀಯಾ?"

ಚೀಲದ ಭಾರಕ್ಕೆ ಹುಡುಗಿಯ ಕೈ ಕೆಳಗಿಳಿಯಿತು; ಅವಳು ಅದನ್ನು ಮೇಲಕ್ಕೆತ್ತಿ ಹಿಡಿದಳು. ಆಮೇಲೆ ಕಣ್ಣರಳಿಸಿ ಕೂಗಿದಳು: "ಇಲ್ಲ ಮೇಡಂ, ತಳ್ತಾ ಇದ್ದೀನಿ!"

ಕುಲಪತಿಗಳೇ ಮೊದಲು ಚಪ್ಪಾಳೆ ಹೊಡೆದರು. "ಕೇಂದ್ರ ನಡೆಸಿ ಮೇಡಂ," ಎಂದು ಹೇಳಿ ಹೊರಟರು.

ಎಲ್ಲರೂ ಹೋದ ಮೇಲೆ ನೋಡಿದರೆ ಚಿಕ್ಕಮ್ಮ ಖಾಲಿ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಗೆದ್ದವರು ಅಳುವುದುಂಟೇ?

"ಆ ಮಗೀಗಿರೋ ಧೈರ್ಯ ನಂಗಿರ್ನಿಲ್ಲ ಕಣೇ," ಅಂದರು. "ಕನ್ನಡ ಮೀಡಿಯಮ್ಮಿಂದ ಬಂದಿದ್ದೆ. ಕ್ಲಾಸಲ್ಲಿ ಎಲ್ಲರ ಜೊತೆ ಯೆಸ್ ಸಾರ್ ಅಂದ್ಬುಟ್ಟು, ಆಸ್ಟೆಲ್ ಬಚ್ಚಲಲ್ಲಿ ನಲ್ಲಿ ಬುಟ್ಕೊಂಡು ಅಳ್ತಿದ್ದೆ."

ಅಷ್ಟರಲ್ಲಿ ಬಾಗಿಲ ಬಳಿ ಆ ಹುಡುಗಿ. "ಮೇಡಂ, ನಾಳೀಕೂ ಕೇಳ್ಬೋದಾ?"

ಚಿಕ್ಕಮ್ಮ ಸರಿದು ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.